ಖಾಲಿ ಕಾಲಂ

ನಾವು ಐದು ಜನ. ಊರು ಯಾವುದು ಅಂತ ಕೇಳಿದ್ರೆ ಐವರೂ "ಹಂಸಭಾವಿ" ಅಂತೀವಿ. ಖರೇ ಹೇಳಬೇಕಂದ್ರ ಊರೊಳಗಿನವರು ಇಬ್ಬರೇ, ಉಳಿದ ಮೂವರು ಸುತ್ತಲಿನ ಹಳ್ಳಿಯವರು. ಆದ್ರೆ ಕ್ಯಾಂಪಸ್ಸಿನಲ್ಲಿ ಹಿರೇಕೆರೂರು ಅಂದ್ರೇನೇ ಕೆಲವರು "ಎಲ್ಲಿ ಬರುತ್ತೆ ಅದು?" ಅಂತ ಕೇಳ್ತಾರೆ, ಇನ್ನು ನಮ್ಮ ಹಳ್ಳಿ ಹೆಸರು ಹೇಳಿ ಏನು ಪ್ರಯೋಜನ? ಹಾವೇರಿ ಜಿಲ್ಲೆ, ಸರ್ವಜ್ಞನ ಸೀಮೆ, ಬ್ಯಾಡಗಿ ಮೆಣಸಿನಕಾಯಿ ಮಗ್ಗಲು ಅಂತ ಹೇಳಿ ಮುಗಿಸ್ತೀವಿ. ಹಾಸ್ಟೆಲಿನಲ್ಲಿ ನಮ್ಮ ರೂಮಿಗೆ "ಹಂಸಭಾವಿ ಡಿಪೋ" ಅಂತಲೇ ಹೆಸರು. ಹಬ್ಬಕ್ಕೆ ಹೋಗುವಾಗಲೂ ಐವರೂ ಕೂಡಿ, ಬರುವಾಗಲೂ ಕೂಡಿ, ಐವರ ಚೀಲದಲ್ಲೂ ರೊಟ್ಟಿ, ಶೇಂಗಾ ಚಟ್ನಿ.

ಈ ಬರಹವನ್ನೂ ಐವರು ಕೂಡಿಯೇ ಬರೆದಿದ್ದೇವೆ. ಇದು ನಮ್ಮಲ್ಲಿ ಒಬ್ಬನ ಮನೆಯಲ್ಲಿ ನಡೆದದ್ದು. ಯಾರು ಅಂತ ಹೇಳುವುದಿಲ್ಲ. ಅವನೂ ಪಕ್ಕದಲ್ಲೇ ಕೂತು ಸಾಲು ತಿದ್ದುತ್ತಿದ್ದಾನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇವೆ. ಇಡೀ ಬರಹದಲ್ಲಿ "ನಾವು" ಅಂತಲೇ ಇರುತ್ತದೆ. ನೀವು ಊಹೆ ಮಾಡುವುದಾದರೆ ಐವರ ಮೇಲೂ ಸಮನಾಗಿ ಮಾಡಿಕೊಳ್ಳಿ, ನಮಗೆ ಬೇಜಾರಿಲ್ಲ.

ಶುರುವಾದದ್ದು ಕಾಲೇಜಿನ ರಕ್ತದಾನ ಶಿಬಿರದಿಂದ. ಶಿಬಿರಕ್ಕೆ ನಾವು ಹೋದದ್ದು ಸಮಾಜಸೇವೆಯ ಹುಮ್ಮಸ್ಸಿನಿಂದ ಅಂತ ಸುಳ್ಳು ಹೇಳುವುದಿಲ್ಲ. ಅಟೆಂಡೆನ್ಸ್ ಕೊಡ್ತಾರೆ, ಫ್ರೂಟಿ ಮತ್ತು ಬಿಸ್ಕತ್ತು ಕೊಡ್ತಾರೆ, ಮಧ್ಯಾಹ್ನದ ಲ್ಯಾಬ್ ತಪ್ಪುತ್ತೆ. ಐವರೂ ಕೊಟ್ಟು, ಸರ್ಟಿಫಿಕೇಟ್ ಹಿಡಿದು ಫೋಟೋ ತೆಗೆಸಿಕೊಂಡು ಬಂದೆವು. ಎರಡು ವಾರದ ಮೇಲೆ, ಇಂಟರ್ನಲ್ಸ್ ನಡುವೆ, ನಮ್ಮಲ್ಲೊಬ್ಬನಿಗೆ ಫೋನ್ ಬಂತು. "ಬ್ಲಡ್ ಬ್ಯಾಂಕಿನಿಂದ ಮಾತಾಡ್ತಿರೋದು. ನಿಮ್ಮ ರಿಪೋರ್ಟ್ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು, ಒಮ್ಮೆ ಬಂದು ಹೋಗ್ತೀರಾ?" ಫೋನಿನಲ್ಲಿ ಅಷ್ಟೇ ಹೇಳಿದರು.

ನಮ್ಮ ದೇಶದಲ್ಲಿ ದಾನವಾಗಿ ಬಂದ ಪ್ರತಿ ಬಾಟಲಿ ರಕ್ತಕ್ಕೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಇದು ನಮಗೆ ಗೊತ್ತಾದದ್ದು ಆ ಫೋನ್ ಬಂದ ಮೇಲೆ, ಮೆಸ್ಸಿನ ಹಿಂದಿನ ಕಟ್ಟೆ ಮೇಲೆ ಕೂತು ಮೊಬೈಲ್ ನೋಡಿದಾಗ. ಐದರಲ್ಲಿ ಯಾವುದು ಅಂತ ಗೊತ್ತಿಲ್ಲ. ಅವನು ಆ ರಾತ್ರಿ ಊಟ ಮಾಡಲಿಲ್ಲ. ನಾವೂ ಮಾಡಲಿಲ್ಲ.

ಮರುದಿನ ಐವರೂ ಹೋದೆವು. ಒಳಗೆ ಅವನೊಬ್ಬನನ್ನೇ ಕರೆದರು. ಹೊರಗೆ ಬಂದು, "ಹೆಪಟೈಟಿಸ್ ಬಿ ಅಂತಲೇ. ಇನ್ನೊಮ್ಮೆ ಟೆಸ್ಟ್ ಮಾಡಿಸಬೇಕಂತ" ಅಂದ. ನಮಗೆ ಮೊದಲು ಸಮಾಧಾನವೇ ಆಯ್ತು, ಎಚ್‌ಐವಿ ಅಲ್ಲವಲ್ಲ ಅಂತ. ಆಮೇಲೆ ಓದುತ್ತಾ ಹೋದ ಹಾಗೆ ಸಮಾಧಾನ ಕರಗಿತು. ಈ ವೈರಸ್ ಎಚ್‌ಐವಿಗಿಂತ ಎಷ್ಟೋ ಪಟ್ಟು ಸುಲಭವಾಗಿ ರಕ್ತದಿಂದ ರಕ್ತಕ್ಕೆ ದಾಟುತ್ತದೆ. ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಲಿವರ್ ಒಳಗೆ ಸದ್ದಿಲ್ಲದೆ ಇಪ್ಪತ್ತು ಮೂವತ್ತು ವರ್ಷ ಕೂತು, ಕೆಲವರಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಹೊರಗೆ ಬರುತ್ತದೆ.

ಎರಡನೇ ಟೆಸ್ಟಿನ ರಿಪೋರ್ಟ್ ಬರುವ ತನಕ ನಾವು ಒಂದು ಲೆಕ್ಕ ಹಿಡಿದುಕೊಂಡು ಕೂತಿದ್ದೆವು. ಪ್ರಾಬಬಿಲಿಟಿ ಪೇಪರಿನಲ್ಲಿ ಬೇಯ್ಸ್ ಥಿಯರಂ ಬರೆದವರಿಗೆಲ್ಲ ಇದು ಗೊತ್ತು. ಒಂದು ಊರಿನಲ್ಲಿ 10,000 ಜನ ಇದ್ದು, ನೂರಕ್ಕೆ ಒಬ್ಬರಿಗೆ ಸೋಂಕು ಇದೆ ಅಂದುಕೊಳ್ಳಿ. ಟೆಸ್ಟ್ ನೂರರಲ್ಲಿ 99 ಸಲ ಸರಿ ಹೇಳುತ್ತೆ ಅಂತಲೂ ಇಟ್ಟುಕೊಳ್ಳಿ. ಸೋಂಕಿರುವ 100 ಜನರಲ್ಲಿ 99 ಜನ ಪಾಸಿಟಿವ್ ಬರ್ತಾರೆ. ಸೋಂಕಿಲ್ಲದ 9,900 ಜನರಲ್ಲೂ 99 ಜನ ತಪ್ಪಾಗಿ ಪಾಸಿಟಿವ್ ಬರ್ತಾರೆ. ಅಂದ್ರೆ ಒಂದು ಪಾಸಿಟಿವ್ ನಿಜವಾಗುವ ಸಂಭವ ಅರ್ಧಕ್ಕರ್ಧ ಮಾತ್ರ. ಈಗಿನ ಟೆಸ್ಟುಗಳು ಇದಕ್ಕಿಂತ ಚೆನ್ನಾಗಿವೆ, ಆದರೂ ಎರಡನೇ ಸಲ ಮಾಡಿಸುವುದು ಇದೇ ಕಾರಣಕ್ಕೆ. ಸೆಮಿಸ್ಟರಿನಲ್ಲಿ ಐದು ಮಾರ್ಕಿಗೆ ಬಿಟ್ಟು ಬಂದಿದ್ದ ಲೆಕ್ಕವನ್ನು ಅವತ್ತು ಹತ್ತು ಸಲ ಮಾಡಿದೆವು. ಹತ್ತು ಸಲವೂ ಅರ್ಧಕ್ಕರ್ಧವೇ ಬಂತು.

ರಿಪೋರ್ಟ್ ಮತ್ತೆ ಪಾಸಿಟಿವ್ ಬಂತು.

ಇಷ್ಟರೊಳಗೆ ಸುದ್ದಿ ಹಾಸ್ಟೆಲಿನಲ್ಲಿ ಹರಡಿತ್ತು. ಹೇಗೆ ಅಂತ ಇವತ್ತಿಗೂ ಗೊತ್ತಿಲ್ಲ, ರಿಪೋರ್ಟ್ ಹಾಳೆ ಯಾರೋ ನೋಡಿರಬಹುದು. ಐವರಲ್ಲಿ ಯಾರಿಗೆ ಅನ್ನುವುದು ಮಾತ್ರ ಹೊರಗೆ ಹೋಗಿರಲಿಲ್ಲ. ಹಾಗಾಗಿ ಒಂದು ದಿನ ಮೆಸ್ಸಿನಲ್ಲಿ ನಾವು ಕೂತ ಟೇಬಲ್ಲಿನಿಂದ ಇಬ್ಬರು ತಟ್ಟೆ ಎತ್ತಿಕೊಂಡು ಎದ್ದು ಹೋದರು. ಇನ್ನೊಬ್ಬ, ನಮಗೆ ಬೇಕಾದವನೇ, "ನಿಮ್ಮ ತಾಟು ಬೇರೆ ಇಟ್ಕೊಂಡ್ರೆ ಒಳ್ಳೇದಲ್ವಾ?" ಅಂತ ಮೆತ್ತಗೆ ಕೇಳಿದ. ಸಿಟ್ಟು ಬಂತು, ಆದರೆ ಅವನಿಗೆ ಗೊತ್ತಿರಲಿಲ್ಲ. ಒಂದು ತಿಂಗಳ ಹಿಂದೆ ನಮಗೂ ಗೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆದುಬಿಡ್ತೀವಿ: ಹೆಪಟೈಟಿಸ್ ಬಿ ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಅಪ್ಪಿಕೊಂಡರೆ, ಕೈ ಕುಲುಕಿದರೆ, ಕೆಮ್ಮಿದರೆ, ಒಂದೇ ಬಾತ್‌ರೂಮ್ ಬಳಸಿದರೆ ಬರುವುದಿಲ್ಲ. ನೀರಿನಿಂದ ಬರುವ ಕಾಮಾಲೆ ಹೆಪಟೈಟಿಸ್ ಎ ಮತ್ತು ಇ, ಅವು ಬೇರೆ ವೈರಸ್. ಬಿ ಬರುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ಹಂಚಿಕೊಳ್ಳಬಾರದ್ದು ರೇಜರ್, ಬ್ಲೇಡು, ಟೂತ್‌ಬ್ರಷ್, ಸೂಜಿ. ಇವನ್ನು ಯಾರ ಜೊತೆಗೂ ಹಂಚಿಕೊಳ್ಳಬಾರದು, ರೋಗ ಇರಲಿ ಬಿಡಲಿ.

ನಾವು ಹೋದ ಲಿವರ್ ಡಾಕ್ಟರು ನಿಧಾನಸ್ಥರು. ವೈರಸ್ಸಿನ ಡಿಎನ್‌ಎ ಎಷ್ಟಿದೆ, ಲಿವರ್ ಎಂಜೈಮ್ ಎಷ್ಟಿದೆ ಅಂತೆಲ್ಲ ನೋಡಿ, "ಸದ್ಯಕ್ಕೆ ಮಾತ್ರೆ ಬೇಡ. ಆರು ತಿಂಗಳಿಗೊಮ್ಮೆ ಬಂದು ತೋರಿಸ್ಕೊಂಡು ಹೋಗು. ಕುಡಿಯೋದು ಇಟ್ಕೋಬೇಡ" ಅಂದರು. ಮಾತ್ರೆ ಬೇಕಾದಾಗ ಟೆನೊಫೊವಿರ್ ಅಂತ ಇದೆ, ವೈರಸ್ಸನ್ನು ಪೂರ್ತಿ ಓಡಿಸದಿದ್ದರೂ ಹತೋಟಿಯಲ್ಲಿ ಇಡುತ್ತದೆ, ಸರ್ಕಾರಿ ಕಾರ್ಯಕ್ರಮದಲ್ಲಿ ಪುಕ್ಕಟೆ ಸಿಗುತ್ತದೆ ಅಂತಲೂ ಹೇಳಿದರು. ಆಮೇಲೆ ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. "ನಿಮ್ಮ ತಾಯಿ, ಅಕ್ಕತಂಗಿ ಯಾರಾದ್ರೂ ಟೆಸ್ಟ್ ಮಾಡಿಸಿದಾರಾ?"

ದೊಡ್ಡವರಾದ ಮೇಲೆ ಈ ಸೋಂಕು ತಗುಲಿದರೆ ನೂರರಲ್ಲಿ 95 ಜನರ ದೇಹ ತಾನೇ ಅದನ್ನು ಹೊರಹಾಕುತ್ತದೆ. ಹುಟ್ಟುವಾಗ ತಗುಲಿದರೆ ತದ್ವಿರುದ್ಧ, ನೂರರಲ್ಲಿ 90 ಮಕ್ಕಳಲ್ಲಿ ಅದು ಗಟ್ಟಿಯಾಗಿ ಉಳಿದುಬಿಡುತ್ತದೆ. ಹಾಗಾಗಿ ಇಪ್ಪತ್ತರ ಹುಡುಗನಲ್ಲಿ ಹಳೇ ಸೋಂಕು ಕಂಡರೆ ಡಾಕ್ಟರು ಮೊದಲು ತಾಯಿಯನ್ನು ಕೇಳುತ್ತಾರೆ.

ದೀಪಾವಳಿಗೆ ಊರಿಗೆ ಹೋದೆವು. ಹಂಸಭಾವಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸಾಮಾನ್ಯವಾಗಿ ನಮ್ಮ ನಮ್ಮ ದಾರಿ ಹಿಡೀತೀವಿ. ಅವತ್ತು ಐವರೂ ಅವನ ಮನೆಗೇ ಹೋದೆವು. ಅಂಗಳದ ತುಂಬ ಗೋವಿನಜೋಳ ಒಣ ಹಾಕಿತ್ತು. ಅವ್ವ ಚಹಾ ಕೊಟ್ಟು, "ಐದೂ ಮಂದಿ ಒಮ್ಮೆಲೇ ಬಂದೀರಿ, ಏನರ ಮಾಡಿಕೊಂಡು ಬಂದೀರೇನು?" ಅಂತ ನಕ್ಕರು. ಅವನು ಹೇಳಲಿಕ್ಕೆ ಶುರು ಮಾಡಿ ಮಧ್ಯದಲ್ಲೇ ನಿಂತ. ಉಳಿದದ್ದನ್ನು ನಾವು ಹೇಳಿದೆವು.

ಅವ್ವ ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಮೂರು ಮಕ್ಕಳ ಲಸಿಕೆ ಕಾರ್ಡು ಅದರಲ್ಲಿದ್ದವು. "ಒಂದೂ ತಪ್ಪಿಸಿಲ್ಲ ನೋಡ್ರಪಾ ನಾನು. ಬಿತ್ತಿಗಿ ಬಿಟ್ಟು ಹೋಗಿ ಹಾಕಿಸೀನಿ." ನಿಜ, ಎಲ್ಲ ಕಾಲಮ್ಮಿಗೂ ಗುರುತು ಬಿದ್ದಿತ್ತು. 2002ರಲ್ಲಿ ಹುಟ್ಟಿದ ಅಕ್ಕನ ಕಾರ್ಡಿನಲ್ಲಿ ಬಿಸಿಜಿ, ಪೋಲಿಯೊ, ಡಿಪಿಟಿ, ದಡಾರ. 2005ರಲ್ಲಿ ಹುಟ್ಟಿದ ಇವನದ್ದರಲ್ಲೂ ಅವೇ. 2009ರಲ್ಲಿ ಹುಟ್ಟಿದ ತಂಗಿಯ ಕಾರ್ಡಿನಲ್ಲಿ ಮಾತ್ರ ಒಂದು ಹೊಸ ಸಾಲು: ಹೆಪಟೈಟಿಸ್ ಬಿ.

ಭಾರತದಲ್ಲಿ ಈ ಲಸಿಕೆ ಸರ್ಕಾರಿ ಪಟ್ಟಿಗೆ ಒಮ್ಮೆಲೇ ಬರಲಿಲ್ಲ. 2002ರಲ್ಲಿ ಕೆಲವೇ ಜಿಲ್ಲೆ, ನಗರಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2007-08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ ಬಂತು. ಇಡೀ ದೇಶಕ್ಕೆ ಬಂದದ್ದು 2011ರಲ್ಲಿ. ಅಂದ್ರೆ ಈಗ ನಮ್ಮ ಕ್ಲಾಸ್‌ರೂಮುಗಳಲ್ಲಿ ಕೂತಿರುವ ಹಳ್ಳಿ ಕಡೆಯ ಎಷ್ಟೋ ಜನ ಆ ಸಾಲು ಕಾರ್ಡಿಗೆ ಬರುವ ಮೊದಲೇ ಹುಟ್ಟಿದವರು. ಕಾಸು ಇದ್ದವರು ಖಾಸಗಿಯಾಗಿ ಹಾಕಿಸಿದ್ದಿರಬಹುದು. ಪೇಟೆಯಲ್ಲಿ ಅದರ ಬೆಲೆ ಇಳಿದದ್ದಕ್ಕೆ ಒಬ್ಬ ಎಂಜಿನಿಯರ್ ಕಾರಣ ಅಂತ ಓದಿ ನಮಗೆ ಖುಷಿಯಾಯ್ತು. ಎಲೆಕ್ಟ್ರಾನಿಕ್ಸ್ ಓದಿದ ವರಪ್ರಸಾದ ರೆಡ್ಡಿ ಹೈದರಾಬಾದಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಕಟ್ಟಿ, 1997ರಲ್ಲಿ ದೇಶದಲ್ಲೇ ತಯಾರಾದ ಹೆಪಟೈಟಿಸ್ ಬಿ ಲಸಿಕೆಯನ್ನು ಆಮದು ಲಸಿಕೆಗಿಂತ ಎಷ್ಟೋ ಕಡಿಮೆ ಬೆಲೆಗೆ ತಂದರು. ಆದರೆ ಹಾಗೊಂದು ಲಸಿಕೆ ಇದೆ ಅಂತ ಗೊತ್ತಿದ್ದರೆ ತಾನೇ ಯಾರಾದರೂ ಕೇಳುವುದು?

ಹಬ್ಬ ಮುಗಿದ ಮೇಲೆ ಮನೆಮಂದಿಯೆಲ್ಲ ಟೆಸ್ಟ್ ಮಾಡಿಸಿದರು. ಅಪ್ಪನಿಗೆ ನೆಗೆಟಿವ್. ತಂಗಿಗೆ ನೆಗೆಟಿವ್, ಲಸಿಕೆಯ ರಕ್ಷಣೆಯೂ ಇದೆ. ಅವ್ವನಿಗೆ ಪಾಸಿಟಿವ್. ಒಂದೇ ತಾಯಿ ಹೆತ್ತ ಮಕ್ಕಳು, ಒಂದೇ ಮನೆಯ ಊಟ, ನಡುವೆ ನಾಲ್ಕು ವರ್ಷ ಮತ್ತು ಒಂದು ಸೂಜಿಯ ಅಂತರ. ತಂಗಿ ಹುಟ್ಟಿದಾಗ ಸರ್ಕಾರಿ ಆಸ್ಪತ್ರೆಯ ಯಾವ ಸಿಸ್ಟರ್ ಆ ಚುಚ್ಚುಮದ್ದು ಹಾಕಿದರೋ, ಅವರ ಹೆಸರು ಯಾರಿಗೂ ನೆನಪಿಲ್ಲ.

ಅವ್ವ ಆ ದಿನ ಕೇಳಿದ್ದು ಒಂದೇ ಮಾತು. "ಹಂಗಾರ ಇವಗ ನಾನ ಕೊಟ್ಟೆನೇನು?" ಯಾರೂ ಉತ್ತರ ಕೊಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿಯೇ ಮಾತಾಡಿದರು. "ನಿನಗ ಯಾರು ಕೊಟ್ರು ಅಂತ ನೀ ಕೇಳಿದ್ಯೇನು? ನಮ್ಮ ಕಾಲದಾಗ ಸೈಕಲ್ ಮ್ಯಾಲ ಒಬ್ಬಾಂವ ಬರ್ತಿದ್ದ. ಒಂದ ಸೂಜಿಲೆ ಓಣಿ ಮಂದಿಗೆಲ್ಲಾ ಚುಚ್ಚತಿದ್ದ. ಕಾಮಣಿ ಆತಂದ್ರ ಕೈಗೆ ಬರಿ ಹಾಕತಿದ್ರು. ಯಾರಿಗೆ ಎಲ್ಲಿಂದ ಬಂತು ಅಂತ ಯಾರು ಲೆಕ್ಕ ಇಟ್ಟಾರ?"

ಅಜ್ಜಿ ಹೇಳಿದ ಸೈಕಲ್ ಡಾಕ್ಟರಿನ ಕಾಲ ಮುಗಿಯಿತು ಅಂತ ನಾವು ಅಂದುಕೊಂಡಿದ್ದೆವು. ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿತು, ಹತ್ತಾರು ಜನ ಸತ್ತರು. ನಾವು ಆಗ ಅಂಗನವಾಡಿಯಲ್ಲಿದ್ದೆವು.

ಉಳಿದದ್ದು ಅಕ್ಕ. ಅಕ್ಕನನ್ನು ಬ್ಯಾಡಗಿ ಕಡೆ ಕೊಟ್ಟಿದ್ದಾರೆ, ಆಗ ಏಳನೇ ತಿಂಗಳು. ಇವನು ಫೋನ್ ಹಚ್ಚಿ ಏನೂ ಹೇಳದೆ, "ಅಕ್ಕಾ, ನಿನ್ನ ಫೈಲಿಂದು ಫೋಟೋ ತೆಗೆದು ಹಾಕು" ಅಂದ. ಫೋಟೋ ಬಂತು. ಹಿಮೋಗ್ಲೋಬಿನ್ ಬರೆದಿತ್ತು, ಬ್ಲಡ್ ಗ್ರೂಪ್ ಬರೆದಿತ್ತು, ಶುಗರ್ ಬರೆದಿತ್ತು, ಎಚ್‌ಐವಿ ಮುಂದೆ ನೆಗೆಟಿವ್ ಅಂತ ಇತ್ತು. ಅದರ ಕೆಳಗಿನ ಸಾಲು ಎಚ್‌ಬಿಎಸ್‌ಎಜಿ. ಅದರ ಮುಂದೆ ಖಾಲಿ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಯಾರೋ ಮರೆತಿರಬಹುದು, ಕಿಟ್ ಇರಲಿಕ್ಕಿಲ್ಲ, ನಾಳೆ ಬರೆದರಾಯಿತು ಅಂದಿರಬಹುದು.

ಆ ರಾತ್ರಿ ಮನೆಯಲ್ಲಿ ಜಗಳವೇ ಆಯ್ತು. ಅಪ್ಪ, "ಬೀಗರಿಗೆ ಹೇಳಿದ್ರ ಏನ ತಿಳಕೊಂತಾರ? ಹೆರಿಗಿ ಒಂದು ಮುಗೀಲಿ" ಅಂದರು. ಇವನಿಗೆ ಸಿಟ್ಟು ಬಂದು, "ಹೆರಿಗಿ ಮುಗದ ಮ್ಯಾಲ ಹೇಳಿ ಏನ್ ಮಾಡ್ತಿ ಅಪ್ಪಾ?" ಅಂದ. ಅವನು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಅಪ್ಪನ ಹೆದರಿಕೆ ಸುಳ್ಳೇನಲ್ಲ. ಕಾಯಿಲೆಗಿಂತ ಮೊದಲು ಮಾತು ಊರು ಸುತ್ತುತ್ತದೆ, ಸೊಸೆಯ ಮೇಲೆ ಬಂದ ಮಾತು ತವರಿನ ತನಕ ಬರುತ್ತದೆ. ಆದರೆ ಈ ಸೋಂಕಿನಲ್ಲಿ ಹೆರಿಗೆಯ ದಿನವೇ ಎಲ್ಲ ಇರುವುದು. ತಾಯಿಗೆ ಪಾಸಿಟಿವ್ ಅಂತ ಮೊದಲೇ ಗೊತ್ತಿದ್ದರೆ, ವೈರಸ್ ಜಾಸ್ತಿ ಇದ್ದಲ್ಲಿ ಕೊನೆಯ ಮೂರು ತಿಂಗಳು ಮಾತ್ರೆ ಕೊಡುತ್ತಾರೆ. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಹಾಕುತ್ತಾರೆ, ಅದರ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಇನ್ನೊಂದು ಚುಚ್ಚುಮದ್ದು. ಇಷ್ಟು ಮಾಡಿದರೆ ಬಹುತೇಕ ಮಕ್ಕಳು ಪಾರಾಗುತ್ತಾರೆ. ಗೊತ್ತಿಲ್ಲದಿದ್ದರೆ ಆ ಎರಡನೇ ಚುಚ್ಚುಮದ್ದನ್ನು ಯಾರೂ ತರಿಸಿ ಇಟ್ಟಿರುವುದಿಲ್ಲ.

ಕೊನೆಗೆ ಅವ್ವನೇ ಎದ್ದು ಫೋನ್ ಕೈಗೆ ತಗೊಂಡರು. ಅಳಿಯನಿಗೇ ನೇರವಾಗಿ ಹೇಳಿದರು. "ನನಗ ಐತಿ. ನಿನ್ನ ಹೇಣ್ತಿಗೂ ಇರಬಹುದು. ಕೂಸಿನ ಸಲುವಾಗಿ ಟೆಸ್ಟ್ ಮಾಡಸಪಾ." ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಮಾವ, "ನಾಳೆ ಮುಂಜಾನೆ ಕರಕೊಂಡು ಹೋಗ್ತೀನ್ರಿ ಅತ್ತಿ" ಅಂದರಂತೆ. ಅಕ್ಕನಿಗೆ ಪಾಸಿಟಿವ್ ಬಂತು. ಮಾವನಿಗೆ ನೆಗೆಟಿವ್, ಅವರು ಲಸಿಕೆ ಹಾಕಿಸಿಕೊಂಡರು. ಅಕ್ಕನ ಅತ್ತೆ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಕ್ಯಾಂಪಸ್ಸಿಗೆ ವಾಪಸ್ ಬಂದ ಮೇಲೆ ಅಜ್ಜಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಯಾರು ಲೆಕ್ಕ ಇಟ್ಟಾರ? ಹುಡುಕಿದೆವು. ಲೆಕ್ಕ ಇಡುವ ವ್ಯವಸ್ಥೆ ಇಲ್ಲದಿಲ್ಲ. 2004ರಲ್ಲಿ ಕೇಂದ್ರ ಸರ್ಕಾರ ಸಮಗ್ರ ರೋಗ ಕಣ್ಗಾವಲು ಯೋಜನೆ ಶುರು ಮಾಡಿತು. ಅದರಲ್ಲಿ ಮೂರು ಫಾರಂ: ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ತುಂಬುವ ಎಸ್ ಫಾರಂ, ಡಾಕ್ಟರು ತುಂಬುವ ಪಿ ಫಾರಂ, ಲ್ಯಾಬಿನವರು ತುಂಬುವ ಎಲ್ ಫಾರಂ. ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದದ್ದು ಈಗ ಐಎಚ್‌ಐಪಿ ಅನ್ನುವ ಡಿಜಿಟಲ್ ವೇದಿಕೆಗೆ ಹೋಗುತ್ತದೆ. ಒಂದು ಓಣಿಯಲ್ಲಿ ಒಮ್ಮೆಲೇ ಇಪ್ಪತ್ತು ಜನರಿಗೆ ಕಣ್ಣು ಹಳದಿಯಾದರೆ ಈ ಜಾಲ ಹಿಡಿಯುತ್ತದೆ. ಆದರೆ ನಮ್ಮ ಗೆಳೆಯನ ಕಣ್ಣು ಯಾವತ್ತೂ ಹಳದಿಯಾಗಿರಲಿಲ್ಲ. ಅವ್ವನದ್ದೂ ಇಲ್ಲ, ಅಕ್ಕನದ್ದೂ ಇಲ್ಲ. ಲಕ್ಷಣವನ್ನೇ ಹಿಡಿಯುವ ಬಲೆಯಲ್ಲಿ ಲಕ್ಷಣವಿಲ್ಲದ ರೋಗ ಸಿಗುವುದು ಹೇಗೆ?

ಅದಕ್ಕೆ ಬೇರೆ ದಾರಿ ಬೇಕು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಪರೀಕ್ಷೆ, ಔಷಧ ಪುಕ್ಕಟೆ; ಗರ್ಭಿಣಿಯರ ತಪಾಸಣೆಯೂ ಅದರ ಭಾಗ. ಆ ದಿನ ವಿಶ್ವ ಹೆಪಟೈಟಿಸ್ ದಿನ, 1960ರ ದಶಕದಲ್ಲಿ ಈ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಹುಟ್ಟಿದ ದಿನ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಂಗ್ರಹಿಸಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ದೇಶದಲ್ಲಿ ನೂರಕ್ಕೆ 0.95 ಜನರಿಗೆ ಹೆಪಟೈಟಿಸ್ ಬಿ ಇದೆ ಅಂತ ಲೆಕ್ಕ ಹಾಕಿದರು. ಇದನ್ನು 140 ಕೋಟಿಗೆ ಗುಣಿಸಿದರೆ ಸುಮಾರು 1.3 ಕೋಟಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜು 2.98 ಕೋಟಿ. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ಕೋಟಿಗಟ್ಟಲೆ ವ್ಯತ್ಯಾಸ! ಲ್ಯಾಬಿನಲ್ಲಿ ಎರಡು ರೀಡಿಂಗ್ ಇಷ್ಟು ದೂರ ಬಂದರೆ ಮೇಡಂ ರೆಕಾರ್ಡ್ ವಾಪಸ್ ಎಸೀತಾರೆ. ಆದರೆ ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದು ಮಾದರಿಗಳನ್ನು ಪರೀಕ್ಷಿಸಿದ್ದು, ಇನ್ನೊಂದು ಹಲವು ಮೂಲಗಳಿಂದ ಮಾಡೆಲ್ ಕಟ್ಟಿದ್ದು. ರಕ್ತದಾನಿಗಳ ಅಂಕಿಯನ್ನು ಮಾತ್ರ ನಂಬೋಣ ಅಂದರೆ, ರಕ್ತ ಕೊಡಲಿಕ್ಕೆ ಬರುವವರು ಆರೋಗ್ಯವಂತ ಗಂಡುಹುಡುಗರೇ ಜಾಸ್ತಿ. ಅವ್ವನಂಥವರು ಅಲ್ಲಿ ಬರುವುದೇ ಇಲ್ಲ. ಹೀಗೆ ತುಂಬದೆ ಬಿಟ್ಟ ಒಂದೊಂದು ಸಾಲೂ ಮೇಲೆ ಹೋಗುತ್ತಾ ಹೋಗುತ್ತಾ ಕೋಟಿಯ ವ್ಯತ್ಯಾಸವಾಗುತ್ತದೆ. ಅಕ್ಕನ ಫೈಲಿನ ಆ ಖಾಲಿ ಜಾಗ ನಮಗೆ ಮತ್ತೆ ಕಣ್ಣ ಮುಂದೆ ಬಂತು.

ನಮ್ಮ ಗೆಳೆಯನಿಗೆ ಈ ಲೆಕ್ಕದ ಬಗ್ಗೆ ಒಂದೇ ತಕರಾರು. "ನನ್ನ ನಂಬರ್ ತಗೊಳ್ಳಲಿ, ಹೆಸರು ಬ್ಯಾಡ" ಅಂತಾನೆ. ಅಂಕಿ ದೆಹಲಿ ತನಕ ಹೋಗಬೇಕು, ಹೆಸರು ಹಾಸ್ಟೆಲಿನ ಮೆಸ್ಸಿನ ತನಕವೂ ಹೋಗಬಾರದು. ನಮ್ಮಲ್ಲಿ ನಡೆದದ್ದು ಉಲ್ಟಾ: ಸುದ್ದಿ ಮೆಸ್ಸಿಗೆ ಬಂತು, ಅಂಕಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಾಳೆ ನಮ್ಮಲ್ಲೇ ಯಾರೋ ಇಂಥ ಸಾಫ್ಟ್‌ವೇರ್ ಬರೆಯುತ್ತೀವಿ, ಡೇಟಾಬೇಸ್ ಕಟ್ಟುತ್ತೀವಿ. ಯಾವ ಕಾಲಂ ಖಾಲಿ ಬಿಡುವಂತಿಲ್ಲ, ಯಾವ ಕಾಲಂ ಯಾರಿಗೂ ಕಾಣುವಂತಿಲ್ಲ ಅನ್ನುವ ನಿರ್ಧಾರ ಅವತ್ತು ನಮ್ಮ ಕೈಯಲ್ಲಿ ಇರುತ್ತದೆ.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಸಣ್ಣ ಕೆಲಸ. ಉಳಿದ ನಾಲ್ವರು ಟೆಸ್ಟ್ ಮಾಡಿಸಿ, ಲಸಿಕೆ ಹಾಕಿಸಿಕೊಂಡೆವು: ಇವತ್ತೊಂದು, ಒಂದು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ನೀವು ಊರಿಗೆ ಹೋದಾಗ ಟ್ರಂಕಿನಲ್ಲಿರುವ ನಿಮ್ಮ ಕಾರ್ಡು ತೆಗೆದು ನೋಡಿ. ಆ ಸಾಲು ಇಲ್ಲದಿದ್ದರೆ ಒಂದು ಟೆಸ್ಟ್ ಮಾಡಿಸಿ. ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಅವರ ಫೈಲನ್ನು ಓದಿ, ಬರೇ ಸ್ಕ್ಯಾನಿಂಗ್ ಫೋಟೋ ನೋಡಿ ಇಡಬೇಡಿ. ಮತ್ತೆ, ರಕ್ತದಾನ ಶಿಬಿರಕ್ಕೆ ಹೆದರಬೇಡಿ. ಆ ಫೋನ್ ಬರದೇ ಇದ್ದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ, ಅಕ್ಕನ ಫೈಲನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಅಕ್ಕನಿಗೆ ಹೆಣ್ಣುಕೂಸು. ಹುಟ್ಟಿದ ದಿನವೇ ಎರಡೂ ಚುಚ್ಚುಮದ್ದು ಬಿದ್ದವು. ಎಡ ತೊಡೆಗೊಂದು, ಬಲ ತೊಡೆಗೊಂದು ಅಂತ ಮಾವ ಆಸ್ಪತ್ರೆಯಿಂದಲೇ ಫೋನ್ ಮಾಡಿ ಹೇಳಿದರು. ಅಕ್ಕ ಮಗುವಿಗೆ ಹಾಲುಣಿಸಬಹುದು ಅಂತ ಡಾಕ್ಟರು ಹೇಳಿದ ಮೇಲೆ ಅತ್ತೆಯ ಮಾತೂ ಸ್ವಲ್ಪ ಸಡಿಲಾಯಿತಂತೆ. ಒಂಬತ್ತು ತಿಂಗಳು ದಾಟಿದ ಮೇಲೆ ಕೂಸಿನ ರಕ್ತ ಟೆಸ್ಟ್ ಮಾಡಬೇಕು. ಈಗ ಐದು ತಿಂಗಳು. ಮೊನ್ನೆ ಊರಿಗೆ ಹೋದಾಗ ಐವರೂ ನೋಡಿಕೊಂಡು ಬಂದೆವು. ಅಜ್ಜಿ ಅದರ ಕಾರ್ಡನ್ನು ದೇವರ ಜಗಲಿ ಮೇಲೆ ಇಟ್ಟಿದ್ದರು. ತೆಗೆದು ನೋಡಿದೆವು, ಇವತ್ತಿನ ತನಕದ್ದೆಲ್ಲ ತುಂಬಿದೆ.